ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಜೆಸಿಬಿ: ಮೊದಲು ಯಾವ ಕಾಗದ ಹಿಡಿಯಬೇಕು, ಯಾರ ಬಾಗಿಲು ತಟ್ಟಬೇಕು?

ತಪ್ಪಲು_ನಿವಾಸಿ:

ಎಲ್ಲರಿಗೂ ನಮಸ್ಕಾರ. ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನ ಒಂದು ಗ್ರಾಮ. ಊರಿನ ಹೆಸರು ಸದ್ಯಕ್ಕೆ ಬೇಡ. ಮೀಸಲು ಅರಣ್ಯದ ಬೇಲಿಗೆ ತಾಗಿಕೊಂಡ ಇಳಿಜಾರಿನಲ್ಲಿ ಎರಡು ಜೆಸಿಬಿ ಮಣ್ಣು ಬಗೆಯುತ್ತಿವೆ. ಕುರುಚಲು ಗಿಡವೆಲ್ಲ ಆಗಲೇ ಹೋಯಿತು. ನಡುವೆ ಒಂದು ಸಣ್ಣ ಹಳ್ಳ ಇತ್ತು, ಬಗೆದ ಮಣ್ಣನ್ನು ಅದಕ್ಕೇ ತುಂಬುತ್ತಿದ್ದಾರೆ. ಕೇಳಿದರೆ "ಪಟ್ಟಾ ಜಮೀನು, ಎನ್‌ಎ ಆಗಿದೆ" ಎನ್ನುತ್ತಾರೆ, ಅಂದರೆ ಖಾಸಗಿ ಜಮೀನು, ಕೃಷಿಯೇತರ ಬಳಕೆಗೆ ಪರಿವರ್ತನೆ ಆಗಿದೆ ಎಂದು. ಬೇಲಿಯ ಸಾಲಿನಲ್ಲಿ ಹಳೆಯ ಗಡಿಕಲ್ಲು ಎರಡು ಉಳಿದಿವೆ, ಮೂರನೆಯದು ಇರಬೇಕಾದ ಕಡೆ ಈಗ ರಸ್ತೆ ಮಟ್ಟ ಮಾಡಿದ್ದಾರೆ.

ನನ್ನ ಪ್ರಶ್ನೆಗಳು: 1) ಇದು ಕಾಡಿನ ಜಾಗವೋ ಖಾಸಗಿಯೋ ಎಂದು ನಾವೇ ತಿಳಿಯುವುದು ಹೇಗೆ? 2) ಖಾಸಗಿಯೇ ಆಗಿದ್ದರೆ ತಡೆಯಲು ದಾರಿಯೇ ಇಲ್ಲವೇ? 3) ಇಂಥ ಇಳಿಜಾರಿನಲ್ಲಿ ಮನೆ ಕಟ್ಟಿದರೆ ತಾಂತ್ರಿಕವಾಗಿ ಏನು ತೊಂದರೆ? ಮನವಿಯಲ್ಲಿ ಬರೆಯಲು "ಪರಿಸರ ಹಾಳಾಗುತ್ತದೆ" ಎನ್ನುವುದಕ್ಕಿಂತ ಗಟ್ಟಿಯಾದದ್ದು ಬೇಕು. 4) ಬೆಟ್ಟದ ಸುತ್ತ ಶಾಶ್ವತ ರಕ್ಷಣೆ ತರುವುದು ಹೇಗೆ?

ಆಕಾರ್‌ಬಂದ್:

ನಮಸ್ಕಾರ. ಮೊದಲನೆಯ ಪ್ರಶ್ನೆಗೆ ಉತ್ತರ ಸಿಗದೆ ಉಳಿದ ಮೂರಕ್ಕೆ ಕೈ ಹಾಕಬೇಡಿ. ಬೆಟ್ಟ ನಮ್ಮ ಕಣ್ಣಿಗೆ ಒಂದೇ. ದಾಖಲೆಯಲ್ಲಿ ಅದು ಮೀಸಲು ಅರಣ್ಯ, ಸರ್ಕಾರಿ ಖರಾಬು (ಸಾಗುವಳಿಗೆ ಸೇರದ ಜಾಗ), ಗೋಮಾಳ, ದೇವಸ್ಥಾನದ ಜಾಗ, ಪಟ್ಟಾ ಎಂದು ತುಂಡು ತುಂಡು. ಚಾಮುಂಡಿಯಲ್ಲಿ ಮೀಸಲು ಅರಣ್ಯ ಸುಮಾರು 1,500 ಎಕರೆ. ನಾವು "ಬೆಟ್ಟ" ಎನ್ನುವ ಇಳಿಜಾರೆಲ್ಲ ಅದರೊಳಗೆ ಬರುವುದಿಲ್ಲ. ತಕರಾರು ಹುಟ್ಟುವುದು ಯಾವಾಗಲೂ ಅಂಚಿನಲ್ಲಿ. ತುಂಡು ಯಾವುದು ಎಂದು ಗೊತ್ತಾದರೆ ಅದಕ್ಕೆ ತಕ್ಕ ಕಾಯ್ದೆ, ತಕ್ಕ ಕಚೇರಿ ತಾನಾಗಿ ತಿಳಿಯುತ್ತದೆ. ಗೊತ್ತಾಗದೆ ಕೊಟ್ಟ ಅರ್ಜಿ ಅರಣ್ಯ ಇಲಾಖೆಯಿಂದ ತಾಲ್ಲೂಕು ಕಚೇರಿಗೆ, ಅಲ್ಲಿಂದ ಪಂಚಾಯಿತಿಗೆ ಅಲೆಯುತ್ತದೆ. ಅಷ್ಟರಲ್ಲಿ ತಳಪಾಯ ಬಿದ್ದಿರುತ್ತದೆ.

ಸರ್ಕಾರದ ದಿಶಾಂಕ್ ಆಪ್ ಹಾಕಿಕೊಂಡು ಜಾಗದ ಪಕ್ಕದ ರಸ್ತೆಯಲ್ಲಿ ನಿಂತರೆ ಸರ್ವೆ ನಂಬರ್ ಬರುತ್ತದೆ. ಅದನ್ನು ದಿಕ್ಕು ತಿಳಿಯಲು ಮಾತ್ರ ಬಳಸಿ, ಸಾಕ್ಷಿಯಾಗಿ ಅಲ್ಲ. ಹಳೆಯ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿರುವುದರಿಂದ ಗಡಿ ಹತ್ತಾರು ಮೀಟರ್ ಜರುಗಿರಬಹುದು. ಅಕ್ಕಪಕ್ಕದ ನಾಲ್ಕೂ ಸರ್ವೆ ನಂಬರ್ ಗುರುತು ಹಾಕಿಕೊಳ್ಳಿ.

ಆಮೇಲೆ ಕಂದಾಯ ಇಲಾಖೆಯ ಭೂಮಿ ಜಾಲತಾಣದಲ್ಲಿ ಆ ನಂಬರಿನ ಪಹಣಿ. ಮೂರನೇ ಕಾಲಂ ನಿಧಾನವಾಗಿ ಓದಿ: ಒಟ್ಟು ವಿಸ್ತೀರ್ಣ, ಫೂಟ್ ಖರಾಬು ಎ, ಫೂಟ್ ಖರಾಬು ಬಿ. ಎ ಖರಾಬು ಎಂದರೆ ಸಾಗುವಳಿಗೆ ಬಾರದ ಬಂಡೆ, ತಗ್ಗು ಇತ್ಯಾದಿ. ಬಿ ಖರಾಬು ಎಂದರೆ ರಸ್ತೆ, ಹಳ್ಳ, ಕೆರೆಯಂಥ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಜಾಗ. 1966ರ ಭೂಕಂದಾಯ ನಿಯಮ 21(2) ಈ ವಿಂಗಡಣೆಯ ಮೂಲ. ನೀವು ಹೇಳಿದ ಹಳ್ಳ ಬಿ ಖರಾಬಿನಲ್ಲಿದ್ದರೆ, ಸುತ್ತಲಿನ ಜಮೀನು ಯಾರದೇ ಆಗಲಿ, ಹಳ್ಳ ಸರ್ಕಾರದ್ದು. ಅದನ್ನು ಮುಚ್ಚಲು ಎನ್‌ಎ ಆದೇಶ ಪರವಾನಗಿ ಅಲ್ಲ.

ಪಹಣಿಯೊಂದನ್ನೇ ನಂಬಬೇಡಿ. ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಿಂದ ಆಕಾರ್‌ಬಂದ್ (ಸರ್ವೆ ನಂಬರಿನ ಮೂಲ ವಿಸ್ತೀರ್ಣದ ದಾಖಲೆ), ಟಿಪ್ಪಣಿ (ಮೂಲ ಅಳತೆಯ ಸ್ಕೆಚ್), ಖರಾಬು ಉತಾರ (ಖರಾಬಿನ ವಿವರ), ಗ್ರಾಮ ನಕ್ಷೆಯ ದೃಢೀಕೃತ ನಕಲು ತೆಗೆಸಿ. ಪಹಣಿಗೂ ಆಕಾರ್‌ಬಂದ್‌ಗೂ ವಿಸ್ತೀರ್ಣ ತಾಳೆಯಾಗದಿರುವುದು ಬೆಟ್ಟದ ಅಂಚಿನ ಗ್ರಾಮಗಳಲ್ಲಿ ಸಾಮಾನ್ಯ. ಆಕಾರ್‌ಬಂದ್‌ನಲ್ಲಿ 4 ಎಕರೆ ಇದ್ದದ್ದು ಪಹಣಿಯಲ್ಲಿ 6 ಎಕರೆ ಆಗಿದ್ದರೆ, ಆ 2 ಎಕರೆ ಎಲ್ಲಿಂದ ಬಂತು ಎಂಬುದೇ ನಿಮ್ಮ ಮೊದಲ ಪ್ರಶ್ನೆ. ಅದಕ್ಕೆ ಪಹಣಿಯ ಹತ್ತನೇ ಕಾಲಮ್ಮಿನ ಮ್ಯುಟೇಷನ್ (ಹಕ್ಕು ಬದಲಾವಣೆ) ನಂಬರ್ ಹಿಡಿದು ಹಿಂದೆ ಹೋಗಿ. ದರಖಾಸ್ತು ಮಂಜೂರಾತಿಯೋ, ಇನಾಂ ರದ್ದತಿಯಲ್ಲಿ ಬಂದದ್ದೋ, ಬಗರ್ ಹುಕುಂ (ಅನುಮತಿ ಇಲ್ಲದೆ ಉತ್ತ ಸರ್ಕಾರಿ ಜಮೀನಿನ) ಸಕ್ರಮವೋ ನೋಡಿ. ಬಗರ್ ಹುಕುಂ ಆಗಿದ್ದರೆ ದೂರ ಅಳೆಯಿರಿ. ಮೈಸೂರಿನಂಥ ನಗರಪಾಲಿಕೆಯ ಗಡಿಯಿಂದ 10 ಕಿ.ಮೀ. ಒಳಗೆ ಸಕ್ರಮ ಮಾಡುವಂತಿಲ್ಲ (ಬೆಂಗಳೂರಿಗೆ ಇದು 18 ಕಿ.ಮೀ.).

ಇನ್ನು ಅರಣ್ಯದ ಕಡೆ. ಉಪ ಅರಣ್ಯ ಸಂರಕ್ಷಣಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಕೇಳಬೇಕಾದದ್ದು ಮೀಸಲು ಅರಣ್ಯದ ಅಧಿಸೂಚನೆ, ಅದರ ಚೆಕ್ಕುಬಂದಿ ಷೆಡ್ಯೂಲ್ ಮತ್ತು ನಕ್ಷೆ. ಮೈಸೂರು ಸಂಸ್ಥಾನದ 1900ರ ಅರಣ್ಯ ರೆಗ್ಯುಲೇಷನ್ ಕೆಳಗೆ ಹೊರಟ ಹಳೆಯ ಅಧಿಸೂಚನೆ ಸಿಕ್ಕರೆ "ಇದು ಹಳತು" ಎಂದು ಬದಿಗಿಡಬೇಡಿ, 1963ರ ಕರ್ನಾಟಕ ಅರಣ್ಯ ಕಾಯ್ದೆ ಬಂದ ಮೇಲೂ ಅವು ಊರ್ಜಿತ. ಷೆಡ್ಯೂಲ್‌ನಲ್ಲಿ "ಉತ್ತರಕ್ಕೆ ಇಂಥ ಬಂಡೆ, ಅಲ್ಲಿಂದ ಹಳ್ಳದ ಗುಂಟ ಇಂಥ ಗ್ರಾಮದ ಗಡಿಯವರೆಗೆ" ಎಂಬ ಶೈಲಿ ಇರುತ್ತದೆ. ಆ ಬಂಡೆ, ಹಳ್ಳ ಇರುವಾಗಲೇ ಫೋಟೊ ತೆಗೆದಿಡಿ. ಹಳ್ಳ ಮುಚ್ಚಿದರೆ ಹೋಗುವುದು ನೀರಿನ ದಾರಿಯೊಂದೇ ಅಲ್ಲ, ಕಾಡಿನ ಗಡಿಗೆ ಇದ್ದ ಗುರುತೂ ಹೋಗುತ್ತದೆ.

ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಹಲವರು ಎಡವುವ ಜಾಗ: ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಹತ್ತು ಪ್ರಶ್ನೆ ಸೇರಿಸಿದರೆ ಅದೇ ಕಾರಣಕ್ಕೆ ವಾಪಸು ಬರುತ್ತದೆ. ಅಧಿಸೂಚನೆಗೆ ಒಂದು, ಎನ್‌ಎ ಕಡತಕ್ಕೆ ಒಂದು, ಬಡಾವಣೆ ನಕ್ಷೆಗೆ ಒಂದು ಎಂದು 10 ರೂಪಾಯಿಯ ಬೇರೆ ಬೇರೆ ಅರ್ಜಿ ಹಾಕಿ. "ಏಕೆ ಕ್ರಮ ಕೈಗೊಂಡಿಲ್ಲ" ಎಂದು ಕೇಳಬೇಡಿ, "ಇಂಥ ದಾಖಲೆಯ ನಕಲು ಕೊಡಿ" ಎಂದು ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ.

ನಿವೇಶನ ಮಾರಾಟಕ್ಕೆ ಇಟ್ಟಿದ್ದರೆ ಇನ್ನೊಂದು ಸುಲಭದ ಬಾಗಿಲಿದೆ. 500 ಚದರ ಮೀಟರ್ ಮೀರಿದ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಲೇಬೇಕು. ಆ ತಾಣದಲ್ಲಿ ಅವರೇ ಹಾಕಿದ ಪರಿವರ್ತನೆ ಆದೇಶ, ನಕ್ಷೆ ಇರುತ್ತವೆ, ಯಾರನ್ನೂ ಕೇಳದೆ ಇಳಿಸಿಕೊಳ್ಳಬಹುದು. ನೋಂದಣಿಯೇ ಇಲ್ಲದಿದ್ದರೆ ಅದೇ ಒಂದು ದೂರು.

ಇಳಿಜಾರು:

ಮೂರನೇ ಪ್ರಶ್ನೆಗೆ ಉತ್ತರಿಸುತ್ತೇನೆ. "ಕಡಿದಾದ ಇಳಿಜಾರು" ಎಂದು ಬರೆದರೆ ಎಂಜಿನಿಯರ್ ಒಪ್ಪುವುದಿಲ್ಲ, ಸಂಖ್ಯೆ ಬೇಕು. ಸರ್ವೆ ಆಫ್ ಇಂಡಿಯಾದ 1:50,000 ಟೋಪೋಶೀಟ್‌ನಲ್ಲಿ (ನೆಲದ ಏರುತಗ್ಗು ತೋರಿಸುವ ನಕ್ಷೆ) ಸಮೋನ್ನತಿ ರೇಖೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು, 20 ಮೀಟರ್ ಎತ್ತರದ ಅಂತರದವು. ನಕ್ಷೆಯ ಮೇಲೆ 2 ಮಿ.ಮೀ. ಅಂದರೆ ನೆಲದಲ್ಲಿ 100 ಮೀಟರ್. ಹಾಗಾಗಿ ಎರಡು ರೇಖೆಗಳ ನಡುವೆ 2 ಮಿ.ಮೀ.ಗಿಂತ ಕಡಿಮೆ ಇದ್ದರೆ ಇಳಿಜಾರು 1:5ಕ್ಕಿಂತ ಕಡಿದು, ಅಂದರೆ ಸುಮಾರು 11 ಡಿಗ್ರಿ ಮೀರಿದ್ದು. ಸ್ಕೇಲ್ ಇಟ್ಟು ಅಳೆದು ಮನವಿಗೆ ಲಗತ್ತಿಸಬಹುದು. ಇಷ್ಟು ಸಣ್ಣ ಜಾಗಕ್ಕೆ ಆ ನಕ್ಷೆ ಒರಟು, ಆದ್ದರಿಂದ ಗೂಗಲ್ ಅರ್ಥ್ ಪ್ರೊನಲ್ಲಿ ಮೇಲಿಂದ ಕೆಳಗೆ ಗೆರೆ ಎಳೆದು ಎತ್ತರದ ಪ್ರೊಫೈಲ್ ಕೂಡ ತೆಗೆಯಿರಿ. ಅದರಲ್ಲೇ ಹಳೆಯ ವರ್ಷಗಳ ಚಿತ್ರ ತೆರೆದು, ಹಸಿರು ಇದ್ದಾಗಿನದು ಮತ್ತು ಬಗೆದ ಮೇಲಿನದು, ಎರಡನ್ನೂ ದಿನಾಂಕ ಕಾಣುವಂತೆ ಉಳಿಸಿಕೊಳ್ಳಿ. ಮುಂದೆ ಕೋರ್ಟಿಗೆ ಹೋದರೆ "ಕೆಲಸ ಯಾವಾಗ ಶುರುವಾಯಿತು" ಎಂಬ ವಾದಕ್ಕೆ ಇದೇ ಆಧಾರ.

1:5 ಎಂಬ ಅಂಕಿಗೆ ಹಿನ್ನೆಲೆ ಇದೆ. ಪುಣೆಯ ಅಭಿವೃದ್ಧಿ ನಿಯಮಗಳಲ್ಲಿ ಬೆಟ್ಟದ ತುದಿ ಮತ್ತು ಇಳಿಜಾರು ಎಂಬ ಪ್ರತ್ಯೇಕ ವಲಯ ಇದ್ದು, 1:5 ಮೀರಿದ ಇಳಿಜಾರಿನಲ್ಲಿ ಕಟ್ಟಡಕ್ಕೆ ನಿರ್ಬಂಧ ಹಾಕಿದ್ದಾರೆ. ನಮ್ಮಲ್ಲೂ ವಲಯ ನಿಯಮಾವಳಿಯಲ್ಲಿ ಇಂಥದೊಂದು ಅಂಕಿ ಬರಬೇಕೆಂದು ಕೇಳಲು ಇದು ಒಳ್ಳೆಯ ಮೇಲ್ಪಂಕ್ತಿ.

ಈಗ ಲೆಕ್ಕ. ಮೂವತ್ತು-ನಲವತ್ತರ ಸೈಟು ಅಂದರೆ ಸುಮಾರು 9 ಮೀಟರ್ ಅಗಲ, 12 ಮೀಟರ್ ಉದ್ದ. ಉದ್ದ ಇಳಿಜಾರಿನ ಕಡೆಗಿದ್ದು ಇಳಿಜಾರು 1:3 ಆದರೆ, ಮೇಲಂಚಿಗೂ ಕೆಳಂಚಿಗೂ 4 ಮೀಟರ್ ವ್ಯತ್ಯಾಸ. ಮೇಲರ್ಧ ಕಡಿದು ಕೆಳಗರ್ಧಕ್ಕೆ ತುಂಬಿದರೂ 2 ಮೀಟರ್ ಕಡಿತ, 2 ಮೀಟರ್ ತುಂಬು ಬರುತ್ತದೆ. ಪೂರ್ತಿ ಕಡಿದು ಕೆಳಮಟ್ಟಕ್ಕೆ ತಂದರೆ 216 ಘನ ಮೀಟರ್ ಮಣ್ಣು ಏಳುತ್ತದೆ. ಬಗೆದ ಮಣ್ಣು ಸಡಿಲವಾಗಿ ಕಾಲು ಭಾಗ ಉಬ್ಬುವುದರಿಂದ 6 ಘನ ಮೀಟರ್ ಟಿಪ್ಪರ್‌ನಲ್ಲಿ ಸುಮಾರು 45 ಲೋಡು. ಒಂದೇ ಸೈಟಿಗೆ ಇಷ್ಟು. ಸಾಗಿಸುವ ಖರ್ಚು ಉಳಿಸಲು ಅದನ್ನು ಹತ್ತಿರದ ಹಳ್ಳಕ್ಕೆ ತಳ್ಳುತ್ತಾರೆ. ನಿಮ್ಮಲ್ಲಿ ಆಗುತ್ತಿರುವುದು ಅದೇ.

ಕುಸಿಯುವುದು ಹೇಗೆ? ಚಾಮುಂಡಿಯದು ಗಟ್ಟಿ ಗ್ರಾನೈಟ್, ಅದರ ಮೇಲೆ ತೆಳ್ಳನೆಯ ಗರಸು ಮಣ್ಣು, ನಡುನಡುವೆ ಬಿಡಿ ಗುಂಡುಗಳು. ನೀರು ಬಂಡೆಯೊಳಗೆ ಇಳಿಯುವುದು ಕಡಿಮೆ, ಮಣ್ಣು ಮತ್ತು ಬಂಡೆ ಸೇರುವ ಮಟ್ಟದಲ್ಲಿ ಅದು ಹರಿಯುತ್ತದೆ. ಬುಡ ಕಡಿದರೆ ಮೇಲಿನ ಮಣ್ಣಿಗೆ ಆನಿಕೆ ತಪ್ಪಿತು. ಕೆಳಗೆ ತುಂಬಿದ ಮಣ್ಣಿಗೆ ಹಳೆಯ ಇಳಿಜಾರೇ ಜಾರುವ ತಳವಾಯಿತು. ಬೇಸಿಗೆಯಲ್ಲಿ ಎರಡೂ ನಿಂತಿರುತ್ತವೆ. ಎರಡು ದಿನ ಬಿಡದೆ ಮಳೆ ಹಿಡಿದಾಗ ತುಂಬಿದ ಮಣ್ಣು ನೀರು ಕುಡಿದು ಭಾರವಾಗಿ ಜಾರುತ್ತದೆ. 2021ರ ಮಳೆಯಲ್ಲಿ ನಂದಿ ವಿಗ್ರಹದ ರಸ್ತೆ ಕುಸಿದದ್ದನ್ನು ಮೈಸೂರಿನವರೆಲ್ಲ ನೋಡಿದ್ದಾರೆ. ಬೆಟ್ಟದ ರಸ್ತೆಗಳಲ್ಲಿ ಹೊರಗಿನ ಅರ್ಧ ಹೆಚ್ಚಾಗಿ ತುಂಬಿದ ಮಣ್ಣೇ. ಮೇಲಿನ ಚರಂಡಿ ಕಟ್ಟಿಕೊಂಡರೆ ನೀರು ರಸ್ತೆಯ ಅಡಿಗೇ ನುಗ್ಗುತ್ತದೆ.

"ತಡೆಗೋಡೆ ಕಟ್ಟುತ್ತೇವೆ" ಎಂಬ ಉತ್ತರ ಬಂದೇ ಬರುತ್ತದೆ. ಆಗ ವಿನ್ಯಾಸ ಕೇಳಿ. ಕಲ್ಲುಕಟ್ಟಡದ ತಡೆಗೋಡೆಗೆ ಬುಡದ ಅಗಲ ಎತ್ತರದ ಅರ್ಧಕ್ಕಿಂತ ಹೆಚ್ಚು ಬೇಕು, ಅಂದರೆ 4 ಮೀಟರ್ ಗೋಡೆಗೆ ಬುಡ 2ರಿಂದ 2.5 ಮೀಟರ್. ನೀರು ಹೊರಬರಲು 75–100 ಮಿ.ಮೀ. ಕಿಂಡಿಗಳು, ಒಂದೂವರೆ-ಎರಡು ಮೀಟರಿಗೊಂದು. ಗೋಡೆಯ ಹಿಂದೆ ಜಲ್ಲಿಯ ಸೋಸುಪದರ. ಸೈಟುಗಳಲ್ಲಿ ನಿಜಕ್ಕೂ ಕಟ್ಟುವುದು 6 ಇಂಚಿನ ಸಿಮೆಂಟ್ ಬ್ಲಾಕಿನ ಕಾಂಪೌಂಡು. ಅದು ಮಣ್ಣು ತಡೆಯುವುದಿಲ್ಲ, ಮಣ್ಣಿನ ಜೊತೆಗೆ ಅದೂ ಕೆಳಗಿನ ಮನೆಯ ಮೇಲೆ ಬೀಳುತ್ತದೆ. ಬೆಟ್ಟಪ್ರದೇಶದ ತಡೆಗೋಡೆಗೆ ಐಎಸ್ 14458 ಎಂಬ ಮಾನಕವೇ ಇದೆ. ಅನುಮೋದಿತ ನಕ್ಷೆಯಲ್ಲಿ ಆ ಪ್ರಕಾರದ ವಿನ್ಯಾಸ ಉಂಟೇ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಿ.

ನೀರಿನ ಲೆಕ್ಕ: ಒಂದು ಎಕರೆ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್. ಕುರುಚಲು ಕಾಡಿದ್ದಾಗ ಅದರಲ್ಲಿ ಹರಿದು ಬರುವುದು 40–60 ಸಾವಿರ ಲೀಟರ್ ಎಂದು ಹಿಡಿಯಬಹುದು. ಕಾಂಕ್ರೀಟು, ಡಾಂಬರು ಆದ ಮೇಲೆ 1.6 ಲಕ್ಷ. ಹಳ್ಳವನ್ನೂ ಮುಚ್ಚಿದರೆ ಆ ನೀರು ಕೆಳಗಿನ ಬಡಾವಣೆಯ ರಸ್ತೆಗೆ ಇಳಿಯುತ್ತದೆ. ಕೆಳಗಿನ ನಿವಾಸಿಗಳಿಗೆ ಈ ಅಂಕಿ ತೋರಿಸಿ, ಅವರೂ ಅರ್ಜಿಗೆ ಸಹಿ ಹಾಕುತ್ತಾರೆ.

ತಪ್ಪಲು_ನಿವಾಸಿ:

ಇಬ್ಬರಿಗೂ ತುಂಬಾ ಧನ್ಯವಾದ. ದಾಖಲೆ ಕೆಲವು ಸಿಕ್ಕವು. ಪಹಣಿಯಲ್ಲಿ ಬಿ ಖರಾಬು 14 ಗುಂಟೆ ಇದೆ, ಗ್ರಾಮ ನಕ್ಷೆಯಲ್ಲಿ ಹಳ್ಳದ ಗೆರೆಯೂ ಇದೆ. ಎನ್‌ಎ ಆದೇಶ ಇರುವುದು ನಿಜ. ಮೇಲ್ಭಾಗದ ಪಕ್ಕದ ಸರ್ವೆ ನಂಬರ್ ಕಲಂ 4ರ ಅಧಿಸೂಚನೆಯಲ್ಲಿದೆ, ಆದರೆ ಕಲಂ 17ರದು ಆಗಿಲ್ಲ ಎಂದು ಅರಣ್ಯ ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿದರು. ಹಾಗಾದರೆ ಅದು ಕಾಡೇ ಅಲ್ಲವೇ?

ಕಲಂ_ನಾಲ್ಕು:

ಕಾಡೇ ಅಲ್ಲ ಎನ್ನುವುದು ತಪ್ಪು. ಕರ್ನಾಟಕ ಅರಣ್ಯ ಕಾಯ್ದೆಯಲ್ಲಿ ಕಲಂ 4 ಅಂದರೆ "ಇದನ್ನು ಮೀಸಲು ಅರಣ್ಯ ಮಾಡಲು ಉದ್ದೇಶಿಸಿದ್ದೇವೆ" ಎಂಬ ಪ್ರಕಟಣೆ. ಆಮೇಲೆ ಅರಣ್ಯ ವ್ಯವಸ್ಥಾಪನಾಧಿಕಾರಿ ಜನರ ಹಕ್ಕುಬಾಧ್ಯತೆ ವಿಚಾರಿಸಿ ತೀರ್ಮಾನಿಸಬೇಕು, ಆಮೇಲೆ ಕಲಂ 17ರ ಅಂತಿಮ ಘೋಷಣೆ. ನಡುವಿನ ಹಂತ ರಾಜ್ಯದ ಎಷ್ಟೋ ಕಡೆ ದಶಕಗಳಿಂದ ನಿಂತಿದೆ. ಆದರೆ ಕಲಂ 4 ಹೊರಟ ಕ್ಷಣದಿಂದ ಕಲಂ 5 ಜಾರಿಗೆ ಬರುತ್ತದೆ: ಆ ಜಾಗದಲ್ಲಿ ಹೊಸ ಹಕ್ಕು ಹುಟ್ಟುವುದಿಲ್ಲ, ಹೊಸದಾಗಿ ಕಾಡು ಕಡಿದು ಸಾಗುವಳಿ ಮಾಡುವಂತಿಲ್ಲ. ಅಧಿಸೂಚನೆಯ ದಿನಾಂಕದ ನಂತರ ಆದ ಮಂಜೂರಾತಿ ಕಂಡರೆ ಅದನ್ನೇ ಪ್ರಶ್ನಿಸಬಹುದು.

ಹಾಗೆಂದು ಕಲಂ 4 ಸಾಕು ಎಂದು ಸುಮ್ಮನೆ ಕೂರುವುದೂ ಅಪಾಯ. ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಪಕ್ಕ, ಮುಲುಂಡ್‌ನ ಖಾಸಗಿ ಜಮೀನುಗಳಿಗೆ 1950ರ ದಶಕದಲ್ಲಿ ಅರಣ್ಯ ನೋಟಿಸ್ ಹೊರಟು ಮುಂದಿನ ಕ್ರಮ ಆಗಲೇ ಇಲ್ಲ. ಅದರ ಮೇಲೆ ದೊಡ್ಡ ದೊಡ್ಡ ವಸತಿ ಸಮುಚ್ಚಯ ಎದ್ದವು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಬರಿಯ ನೋಟಿಸ್‌ನಿಂದ ಅದು ಖಾಸಗಿ ಅರಣ್ಯ ಆಗದು ಎಂದು ಜಮೀನಿನವರ ಪರ ತೀರ್ಪು ಕೊಟ್ಟಿತು. ಅಲ್ಲಿನ ಕಾಯ್ದೆ ಬೇರೆ, ಆದರೂ ಅರ್ಧಕ್ಕೆ ಬಿಟ್ಟ ಅಧಿಸೂಚನೆ ಎಷ್ಟು ದುರ್ಬಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಇದಕ್ಕೆ ವಿರುದ್ಧ ತುದಿಯಲ್ಲಿ ಫರಿದಾಬಾದಿನ ಕಾಂತ್ ಎನ್‌ಕ್ಲೇವ್ ಇದೆ. ಅರಾವಳಿಯ ಆ ಜಾಗಕ್ಕೆ ಪಂಜಾಬಿನ 1900ರ ಭೂಸಂರಕ್ಷಣಾ ಕಾಯ್ದೆಯ ಅಧಿಸೂಚನೆ ಇದ್ದೇ ಇತ್ತು. 2018ರಲ್ಲಿ ಕಟ್ಟಿದ ಮನೆಗಳನ್ನೇ ಕೆಡವಲು ಆದೇಶವಾಯಿತು. ಸೈಟು ಕೊಳ್ಳಲು ಬರುವವರಿಗೆ ಇದನ್ನು ತಿಳಿಸಿ. ಎನ್‌ಎ ಆಗಿದೆ, ಸಾಲ ಸಿಕ್ಕಿದೆ ಎಂಬುದು ಅರಣ್ಯ ಕಾನೂನಿನ ಎದುರು ನಿಲ್ಲುವುದಿಲ್ಲ.

ಅಂದಹಾಗೆ, "ಅರಣ್ಯ ಸಂರಕ್ಷಣಾ ಕಾಯ್ದೆಗೆ 2023ರ ತಿದ್ದುಪಡಿ ಬಂದ ಮೇಲೆ ಅಧಿಸೂಚಿತ ಕಾಡಿಗೆ ಮಾತ್ರ ರಕ್ಷಣೆ" ಎಂದು ಯಾರಾದರೂ ಹೇಳಿದರೆ ಪೂರ್ತಿ ಒಪ್ಪಬೇಡಿ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ 1996ರ ಡಿಸೆಂಬರ್ 12ರ ಆದೇಶದ ಪ್ರಕಾರ ನಿಘಂಟಿನ ಅರ್ಥದಲ್ಲಿ ಕಾಡಾಗಿರುವುದೆಲ್ಲ ಕಾಡು, ಒಡೆಯ ಯಾರೇ ಇರಲಿ. ತಿದ್ದುಪಡಿಯನ್ನು ಪ್ರಶ್ನಿಸಿದ ಪ್ರಕರಣದಲ್ಲಿ 2024ರ ಫೆಬ್ರುವರಿ 19ರಂದು ಸುಪ್ರೀಂ ಕೋರ್ಟ್, ರಾಜ್ಯಗಳ ಕಾಡಿನ ಪಟ್ಟಿ ಕ್ರೋಡೀಕರಣ ಆಗುವತನಕ ಆ ಅರ್ಥವನ್ನೇ ಪಾಲಿಸಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಮನವಿಯಲ್ಲಿ ಈ ಎರಡು ದಿನಾಂಕ ಇರಲಿ.

ಈಗ ಕೆಲಸದ ಕ್ರಮ. ನಿಮ್ಮ ಪ್ರಕರಣದಲ್ಲಿ ಕೈಗೆ ಬೇಗ ಸಿಗುವ ಹಿಡಿ ಕಾಡಲ್ಲ, ಹಳ್ಳ ಮತ್ತು ಮಣ್ಣು. ಬಿ ಖರಾಬು ಒತ್ತುವರಿ ಎಂದು ತಹಶೀಲ್ದಾರರಿಗೆ ಲಿಖಿತ ದೂರು, ಭೂಕಂದಾಯ ಕಾಯ್ದೆ ಕಲಂ 104ರ ಕೆಳಗೆ ತೆರವು ಕೋರಿ. ಪಹಣಿ, ಗ್ರಾಮ ನಕ್ಷೆ, ಫೋಟೊ ಲಗತ್ತಿಸಿ, ಟಪಾಲು ವಿಭಾಗದ ಮೊಹರು ಇರುವ ಪ್ರತಿ ಇಟ್ಟುಕೊಳ್ಳಿ. ಮಣ್ಣು, ಗರಸು ಹೊರಗೆ ಸಾಗಿಸುತ್ತಿದ್ದರೆ ಅದು ಉಪಖನಿಜ, ಪರವಾನಗಿ ಮತ್ತು ರಾಜಧನ ಬೇಕು. ಟಿಪ್ಪರ್ ನಂಬರ್, ಸಮಯ ಸಹಿತ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಕೊಡಿ. ಗಾಡಿ ಹಿಡಿದ ದಿನ ಜೆಸಿಬಿ ನಿಲ್ಲುತ್ತದೆ, ನಿಮಗೆ ಬೇಕಾದ ವಾರದ ಬಿಡುವು ಸಿಗುತ್ತದೆ. ಗಡಿಕಲ್ಲು ಕಿತ್ತದ್ದಕ್ಕೆ ವಲಯ ಅರಣ್ಯಾಧಿಕಾರಿಗೆ ಪ್ರತ್ಯೇಕ ದೂರು, ಜೊತೆಗೆ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆಗೆ ಕೋರಿಕೆ. ಒಂದೇ ಅರ್ಜಿಯನ್ನು ಹತ್ತು ಕಡೆಗೆ ಕಳಿಸುವುದು ಬೇಡ. ಪ್ರತಿ ಕಚೇರಿಗೆ ಅದರ ಅಧಿಕಾರದ ಮಾತು ಮಾತ್ರ ಇರಲಿ.

ಎನ್‌ಎ ಆದೇಶದ ಕಡತವನ್ನೂ ಓದಿ. ಈಗ ಪರಿವರ್ತನೆ ಅರ್ಜಿದಾರರ ಅಫಿಡವಿಟ್ ಆಧಾರದಲ್ಲಿ ಆಗುತ್ತದೆ. ಹಳ್ಳದ 14 ಗುಂಟೆ ಬಿಟ್ಟು ಆದೇಶ ಆಗಿದೆಯೋ ಸೇರಿಸಿಯೋ, ಕಾಡಂಚು ಎಂದು ಹೇಳಿದ್ದಾರೋ ಮುಚ್ಚಿಟ್ಟಿದ್ದಾರೋ ನೋಡಬೇಕು. ಆದೇಶದ ಷರತ್ತುಗಳು ಕೊನೆಯ ಪುಟದಲ್ಲಿರುತ್ತವೆ, ಹಳ್ಳ ಮತ್ತು ಖರಾಬು ಕಾಪಾಡಬೇಕೆಂಬ ಷರತ್ತು ಇದ್ದರೆ ಉಲ್ಲಂಘನೆಯೇ ರದ್ದತಿಗೆ ಕಾರಣ.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೊನೆಯ ಅಸ್ತ್ರವಾಗಿರಲಿ, ಆದರೆ ಗಡುವು ಮರೆಯಬೇಡಿ: ಅದರ ಕಾಯ್ದೆಯ ಕಲಂ 14ರ ಅರ್ಜಿಗೆ ವ್ಯಾಜ್ಯದ ಕಾರಣ ಮೊದಲು ಹುಟ್ಟಿದ ದಿನದಿಂದ 6 ತಿಂಗಳು, ಸಕಾರಣ ಇದ್ದರೆ ಇನ್ನು 60 ದಿನ. ಅದಕ್ಕೇ ಉಪಗ್ರಹ ಚಿತ್ರದ ದಿನಾಂಕ ಮುಖ್ಯ. ದಕ್ಷಿಣ ಪೀಠ ಚೆನ್ನೈನಲ್ಲಿದೆ, ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಅಲ್ಲಿ ಕೇಂದ್ರದ ಏಳು ಕಾಯ್ದೆಗಳ ಪ್ರಶ್ನೆ ಮಾತ್ರ ನಡೆಯುತ್ತದೆ. ಅರಣ್ಯ ಸಂರಕ್ಷಣಾ ಕಾಯ್ದೆ, ಪರಿಸರ ಸಂರಕ್ಷಣಾ ಕಾಯ್ದೆ, ಜಲ ಕಾಯ್ದೆ ಆ ಪಟ್ಟಿಯಲ್ಲಿವೆ. ವನ್ಯಜೀವಿ ಕಾಯ್ದೆ ಇಲ್ಲ, ರಾಜ್ಯದ ಅರಣ್ಯ ಕಾಯ್ದೆಯೂ ಇಲ್ಲ. "ಚಿರತೆ ಓಡಾಡುವ ಜಾಗ" ಎಂಬುದೊಂದನ್ನೇ ಆಧಾರ ಮಾಡಿದರೆ ಅಧಿಕಾರವ್ಯಾಪ್ತಿಯ ಮೇಲೆಯೇ ಅರ್ಜಿ ಬೀಳುತ್ತದೆ. ಹಳ್ಳ ಮುಚ್ಚಿದ್ದು, ಅನುಮತಿ ಇಲ್ಲದೆ ಅರಣ್ಯೇತರ ಬಳಕೆ, 20,000 ಚದರ ಮೀಟರ್ ಮೀರಿದ ನಿರ್ಮಾಣವಾಗಿದ್ದರೆ ಪರಿಸರ ಅನುಮತಿ ಇಲ್ಲದಿರುವುದು, ಇವು ನಿಲ್ಲುವ ಅಂಶಗಳು.

ಕುರುಚಲು:

ನಾಲ್ಕನೇ ಪ್ರಶ್ನೆಯನ್ನು ಯಾರೂ ಮುಟ್ಟಿಲ್ಲ. ಒಂದೊಂದೇ ಲೇಔಟನ್ನು ಬೆನ್ನಟ್ಟುತ್ತಾ ಹೋದರೆ ಬೆಟ್ಟ ಉಳಿಯದು. ಖಾಸಗಿ ತಪ್ಪಲಿನ ಹಣೆಬರಹ ನಿರ್ಧಾರವಾಗುವುದು ನಗರದ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್). ಮೈಸೂರಿನದು 2031ರ ಯೋಜನೆ. ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 13-ಡಿ ಪ್ರಕಾರ ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಣೆ ಆಗಬೇಕು. ಕರಡು ಪ್ರಕಟವಾದಾಗ ಸಲಹೆ-ಆಕ್ಷೇಪಣೆಗೆ 60 ದಿನ. ಆಗ ಬರಿಯ ಘೋಷಣೆ ಬೇಡ, ಸರ್ವೆ ನಂಬರ್‌ವಾರು ಪಟ್ಟಿ, ಇಳಿಜಾರಿನ ನಕ್ಷೆ, ಹಳ್ಳಗಳ ನಕ್ಷೆ ಕೊಟ್ಟು "ಈ ನಂಬರುಗಳನ್ನು ಹಸಿರು ವಲಯವಾಗಿ ಗುರುತಿಸಿ, 1:5 ಮೀರಿದ ಇಳಿಜಾರಿನಲ್ಲಿ ನಿರ್ಮಾಣ ನಿಷೇಧಿಸಿ" ಎಂದು ಕೇಳಬೇಕು. ನಡುವಿನ ವರ್ಷಗಳಲ್ಲಿ ಕಳ್ಳದಾರಿ ಎಂದರೆ ಕಲಂ 14-ಎ, ಭೂಬಳಕೆ ಬದಲಾವಣೆ. ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಆ ಪ್ರಕಟಣೆ ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಬೆಟ್ಟದ ಸುತ್ತಲಿನ ಸರ್ವೆ ನಂಬರುಗಳ ಪಟ್ಟಿ ಕೈಯಲ್ಲಿಟ್ಟುಕೊಂಡು ದಿನಾ ಪತ್ರಿಕೆ ನೋಡುವ ಹೊಣೆ ಒಬ್ಬರಿಗೆ ಒಪ್ಪಿಸಿ. ಯಾರೂ ಆಕ್ಷೇಪಿಸದ 15 ದಿನದಲ್ಲಿ ಕಳೆದದ್ದನ್ನು ಮತ್ತೆ ಪಡೆಯಲು ಹದಿನೈದು ವರ್ಷ ಸಾಲದು.

ಪುಣೆಯಿಂದ ಇನ್ನೊಂದು ಪಾಠ. ನಗರಕ್ಕೆ ಸೇರಿದ 23 ಗ್ರಾಮಗಳ ಬೆಟ್ಟಗಳಲ್ಲಿ 978 ಹೆಕ್ಟೇರನ್ನು ಜೀವವೈವಿಧ್ಯ ಉದ್ಯಾನಕ್ಕೆ ಕಾಯ್ದಿರಿಸಿದರು, ಹೆಚ್ಚಿನದು ಖಾಸಗಿ ಜಮೀನು. ಪರಿಹಾರವಾಗಿ ಸಿಕ್ಕ ಅಭಿವೃದ್ಧಿ ಹಕ್ಕು (ಬೇರೆಡೆ ಕಟ್ಟಲು ಬಳಸಬಹುದಾದ ನಿರ್ಮಾಣ ಹಕ್ಕು) 8 ಶೇಕಡಾ. ಜಮೀನಿನವರು ಅದನ್ನು ಒಪ್ಪಲಿಲ್ಲ, ಭೂಸ್ವಾಧೀನ ನಿಂತಿತು, ಅಕ್ರಮ ಮನೆಗಳು ಏಳುತ್ತ ಹೋದವು. ಗೆರೆ ಎಳೆದವರು ದುಡ್ಡಿನ ಲೆಕ್ಕವನ್ನೂ ಹೇಳಬೇಕು. ತಪ್ಪಲಿನಲ್ಲಿ ಎರಡು ಎಕರೆ ಇಟ್ಟುಕೊಂಡ ರೈತನಿಗೆ ನ್ಯಾಯವಾದ ಬದಲಿ ಸಿಗದ ಯೋಜನೆ ಅವನನ್ನು ದಲ್ಲಾಳಿಯ ಕೈಗೆ ತಳ್ಳುತ್ತದೆ.

ಬೇರೆ ಹಾದಿಗಳೂ ಇವೆ. ಅಭಯಾರಣ್ಯ ಇಲ್ಲದ ಕಡೆಯೂ ಪರಿಸರ ಸಂರಕ್ಷಣಾ ಕಾಯ್ದೆ ಕಲಂ 3ರ ಕೆಳಗೆ ಪರಿಸರಸೂಕ್ಷ್ಮ ವಲಯ ಘೋಷಿಸಬಹುದು. ಮಹಾರಾಷ್ಟ್ರದ ಮಾಥೇರಾನ್ ಗಿರಿಧಾಮ 2003ರಲ್ಲಿ ಹಾಗೆ ಆಗಿದೆ. ಖಾಸಗಿ ಜಮೀನಿನ ಮೇಲೂ ನಿಯಂತ್ರಣ ತರುವ ದಾರಿ ಇದೊಂದೇ ಗಟ್ಟಿಯಾದದ್ದು ಎಂದು ನನ್ನ ಅಭಿಪ್ರಾಯ. ಜೀವವೈವಿಧ್ಯ ಪಾರಂಪರಿಕ ತಾಣ ಎಂಬ ಪಟ್ಟ ಗೌರವದ್ದು, ಸಾಗರ ತಾಲ್ಲೂಕಿನ ಅಂಬಾರಗುಡ್ಡಕ್ಕೆ ಅದು ಸಿಕ್ಕಿದೆ, ಆದರೆ ತಡೆಯುವ ಬಲ ಕಡಿಮೆ. ವನ್ಯಜೀವಿ ಕಾಯ್ದೆಯ ಸಂರಕ್ಷಣಾ ಮೀಸಲು (ಕನ್ಸರ್ವೇಶನ್ ರಿಸರ್ವ್) ಸರ್ಕಾರಿ ಜಾಗಕ್ಕೆ ಮಾತ್ರ, ಮತ್ತು ಸರ್ಕಾರ ಮನಸ್ಸು ಬದಲಿಸಬಲ್ಲದು. ಗದಗದ ಕಪ್ಪತಗುಡ್ಡಕ್ಕೆ 2015ರಲ್ಲಿ ಕೊಟ್ಟು 2016ರಲ್ಲಿ ಹಿಂತೆಗೆದುಕೊಂಡರು. ಜನ ಬೀದಿಗಿಳಿದ ಮೇಲೆ ಮತ್ತೆ ಕೊಟ್ಟರು, 2019ರಲ್ಲಿ ವನ್ಯಜೀವಿಧಾಮವೇ ಆಯಿತು.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ಬೆಟ್ಟದ ಮೇಲಿನ ಕಾಂಕ್ರೀಟು ಬಿಲ್ಡರುಗಳಿಂದ ಮಾತ್ರ ಬರುವುದಿಲ್ಲ. ಚಾಮುಂಡಿಗೆ ರೋಪ್‌ವೇ ಪ್ರಸ್ತಾವ ಬಂದು, ಮೈಸೂರಿನ ಜನರ ವಿರೋಧದಿಂದ 2022ರಲ್ಲಿ ಕೈಬಿಟ್ಟರು. ಬೆಂಗಳೂರಿನ ತುರಹಳ್ಳಿಯಲ್ಲಿ 2021ರಲ್ಲಿ ಟ್ರೀ ಪಾರ್ಕ್ ಎಂದು ಹೊರಟದ್ದೂ ಹಾಗೇ ನಿಂತಿತು. ಪಾರ್ಕಿಂಗ್, ಮಳಿಗೆ, ಸಭಾಂಗಣ, ವ್ಯೂಪಾಯಿಂಟ್ ಎಲ್ಲವೂ ನೀರು ಇಂಗುವ ಮಣ್ಣನ್ನು ಮುಚ್ಚುತ್ತವೆ, ಮತ್ತು ಮೇಲೆ ಮುಚ್ಚಿದ್ದರ ನೀರು ಇಳಿಜಾರು_ಅವರು ಹೇಳಿದ ಅದೇ ಸಡಿಲ ಮಣ್ಣಿಗೆ ಬರುತ್ತದೆ. ಅಂಥ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಮರ ಸಂರಕ್ಷಣಾ ಕಾಯ್ದೆಯ ಕಲಂ 8ರಂತೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ಅರಣ್ಯ ಜಾಗವಾದರೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ಪ್ರಸ್ತಾವ ಮತ್ತು ನಕ್ಷೆ ಕಾಣುತ್ತದೆ, ತಿಂಗಳಿಗೊಮ್ಮೆ ಜಿಲ್ಲೆಯ ಹೆಸರಿನಲ್ಲಿ ಹುಡುಕಿ.

ಉಳಿಸಿಕೊಂಡ ಜಾಗದಲ್ಲಿ ಗುಂಡಿ ತೆಗೆದು ಗಿಡ ನೆಡುವ ಉತ್ಸಾಹಕ್ಕೂ ಸ್ವಲ್ಪ ಲಗಾಮು ಇರಲಿ. ಇದು ಎಲೆಯುದುರುವ ಕುರುಚಲು ಕಾಡು: ತುಗ್ಗಲಿ, ಕಗ್ಗಲಿ, ದಿಂಡಿಗ, ಕವಳೆ, ನಡುವೆ ಹುಲ್ಲು, ಬಂಡೆ. ಬೇಸಿಗೆಯಲ್ಲಿ ಬೋಳಾಗಿ ಕಾಣುತ್ತದೆ, ಅದನ್ನು ನೋಡಿ "ಪಾಳು ಜಾಗ" ಎಂದು ಬರೆಯುತ್ತಾರೆ. ಕಾಡಲ್ಲ ಎಂಬ ವಾದ ಶುರುವಾಗುವುದೇ ಅಲ್ಲಿಂದ. ಫೋಟೊ ತೆಗೆಯುವುದಾದರೆ ಜುಲೈಯಿಂದ ನವೆಂಬರ್ ನಡುವೆ ತೆಗೆಯಿರಿ. ಅಕೇಶಿಯ, ಸಿಲ್ವರ್ ಓಕ್ ನೆಡಬೇಡಿ. ಫೆಬ್ರುವರಿ-ಮಾರ್ಚ್‌ನಲ್ಲಿ ಬೆಂಕಿ ಬೀಳದಂತೆ ನೋಡಿಕೊಂಡರೆ, ದನ-ಆಡು ಎರಡು ಮೂರು ವರ್ಷ ಒಳಹೋಗದಿದ್ದರೆ, ಬೇರಿನಿಂದಲೇ ಚಿಗುರುತ್ತದೆ. ಅರಣ್ಯ ಇಲಾಖೆ ಬೆಂಕಿರೇಖೆ (ಬೆಂಕಿ ಹರಡದಂತೆ ಹುಲ್ಲು ತೆಗೆದ ಪಟ್ಟಿ) ಜನವರಿಯೊಳಗೆ ಮುಗಿಸಿದೆಯೇ ಎಂದು ವಿಚಾರಿಸಿ.

ತಪ್ಪಲು_ನಿವಾಸಿ:

ಜಂಟಿ ಸರ್ವೆಗೆ ಅರ್ಜಿ ಕೊಟ್ಟಿದ್ದೇವೆ. ದಿನ ಗೊತ್ತಾದರೆ ನಾವು ಅಲ್ಲಿ ಏನು ನೋಡಬೇಕು?

ಆಕಾರ್‌ಬಂದ್:

ಎಲ್ಲಿಂದ ಅಳೆಯಲು ಶುರು ಮಾಡುತ್ತಾರೆ ಎಂಬುದನ್ನು ನೋಡಿ. ಕಿತ್ತು ಬೇರೆಡೆ ನೆಟ್ಟ ಕಲ್ಲಿನಿಂದಲೋ ಈಗಿನ ಬೇಲಿಯಿಂದಲೋ ಶುರು ಮಾಡಿದರೆ ಇಡೀ ಸರ್ವೆ ವ್ಯರ್ಥ. ಬೇಲಿ ಗಡಿಯಲ್ಲ, ಕೆಲಸದವರು ಬಂಡೆ ಅಡ್ಡ ಬಂದ ಕಡೆ ಒಳಗೆ ಸರಿಸಿ ಹಾಕಿರುತ್ತಾರೆ. ಗ್ರಾಮ ನಕ್ಷೆಯಲ್ಲಿ ಗುರುತಾಗಿರುವ, ಸರಿಯದ ಬಿಂದುಗಳು ಕನಿಷ್ಠ ಮೂರು ಬೇಕು: ಮೂರು ಗ್ರಾಮಗಳ ಗಡಿ ಕೂಡುವ ಕಲ್ಲು, ದೊಡ್ಡ ಬಂಡೆ, ಹಳೆಯ ಬಾವಿ. ಅಧಿಸೂಚನೆಯ ಷೆಡ್ಯೂಲ್ ನಕಲು ಎರಡೂ ಇಲಾಖೆಯವರ ಕೈಯಲ್ಲಿದೆಯೇ ಎಂದು ಮೊದಲೇ ಕೇಳಿ. ಎಷ್ಟೋ ಸರ್ವೆಗಳು ಪಹಣಿಯೊಂದನ್ನೇ ಹಿಡಿದು ನಡೆಯುತ್ತವೆ.

ನಿಮ್ಮ ಮೊಬೈಲಿನ ಜಿಪಿಎಸ್ ಬಯಲಲ್ಲಿ 3–5 ಮೀಟರ್, ಮರದಡಿ ಅದಕ್ಕೂ ಹೆಚ್ಚು ತಪ್ಪು ತೋರಿಸುತ್ತದೆ. ಅದನ್ನು ಹಿಡಿದು ಸರ್ವೆಯವರೊಡನೆ ವಾದಕ್ಕಿಳಿಯಬೇಡಿ. ಅವರ ಅಳತೆ ಯಂತ್ರ (ರೋವರ್ ಅಥವಾ ಟೋಟಲ್ ಸ್ಟೇಷನ್) ನಿಲ್ಲಿಸಿದ ಪ್ರತಿ ಬಿಂದುವಿನ ಫೋಟೊ ತೆಗೆದು ಕ್ರಮಸಂಖ್ಯೆ ಬರೆದುಕೊಳ್ಳಿ. ಸ್ಥಳದಲ್ಲೇ ಮಹಜರು ಬರೆಸಿ, ಕಾಣೆಯಾದ ಮೂರನೇ ಕಲ್ಲಿನ ಮಾತು, ಹಳ್ಳಕ್ಕೆ ತುಂಬಿದ ಮಣ್ಣಿನ ಮಾತು ಅದರಲ್ಲಿ ಸೇರಲಿ. ಪಕ್ಕದ ಜಮೀನಿನ ಇಬ್ಬರು ಸಾಕ್ಷಿ ಹಾಕಲಿ. ಮಹಜರಿನಲ್ಲಿ ಖಾಲಿ ಜಾಗ ಬಿಟ್ಟಿದ್ದರೆ ಗೆರೆ ಎಳೆಸಿದ ಮೇಲೆಯೇ ಸಹಿ ಮಾಡಿ. ಆ ವಾರವೇ ಸರ್ವೆ ಸ್ಕೆಚ್‌ನ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಹೊಸ ಕಲ್ಲು ನೆಡುವ ದಿನವೂ ಯಾರಾದರೂ ಅಲ್ಲಿರಬೇಕು, ಸ್ಕೆಚ್‌ನಲ್ಲಿ ಸರಿ ಇದ್ದು ಕಲ್ಲು ನೆಡುವಾಗ ಕೆಳಗೆ ಜಾರುವುದುಂಟು. ಕಲ್ಲಿನ ಮೇಲೆ ಕ್ರಮಸಂಖ್ಯೆ ಕೆತ್ತಿಸಿ, ಬಣ್ಣದಲ್ಲಿ ಬರೆದದ್ದು ಒಂದು ಮಳೆಗಾಲಕ್ಕೆ ಅಳಿಸಿಹೋಗುತ್ತದೆ.